ರಾಷ್ಟ್ರೀಯ ರಜೆಯ ನೂಕುನುಗ್ಗಲಿನಲ್ಲಿ ಶಿಯಾನಿನ ಮಣ್ಣಿನ ಸೈನ್ಯ

ಚೀನಾದ ರಾಷ್ಟ್ರೀಯ ದಿನದ ರಜೆ ಅಕ್ಟೋಬರ್ 1ರಂದು ಆರಂಭವಾಗಿ ಒಂದು ವಾರ ನಡೆಯುತ್ತದೆ. ಹಿಂದುಮುಂದಿನ ವಾರಾಂತ್ಯಗಳಲ್ಲಿ ಕೆಲಸ ಮಾಡಿ ಈ ರಜೆಯನ್ನು ಹೊಂದಿಸಿಕೊಳ್ಳುವ ದೇಶವೇ ಏಕಕಾಲಕ್ಕೆ ಪ್ರಯಾಣ ಹೊರಡುವುದರಿಂದ, ಆ ದಿನಗಳಲ್ಲಿ ಪ್ರಸಿದ್ಧ ತಾಣಗಳಿಗೆ ಹೋಗಬೇಡಿರೆಂದು ಅಲ್ಲಿ ನೆಲೆಸಿದವರು ಎಚ್ಚರಿಸುವುದುಂಟು. ಶಾಂಘೈನಲ್ಲಿ ಉದ್ಯೋಗದಲ್ಲಿರುವ ನಮ್ಮ ಗೆಳೆಯರ ಬಳಗಕ್ಕೆ ಒಟ್ಟಾಗಿ ಬಿಡುವು ದೊರೆಯುವುದು ಆ ವಾರದಲ್ಲೇ ಆದ್ದರಿಂದ, ಶಿಯಾನ್ ನಗರದ ಹೊರವಲಯದಲ್ಲಿರುವ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗನ ಸಮಾಧಿ ವಸ್ತುಸಂಗ್ರಹಾಲಯವನ್ನು, ಅಂದರೆ ಅವನ ಸಮಾಧಿಯ ಬಳಿ ಹೂತಿಟ್ಟಿದ್ದ ಮಣ್ಣಿನ ಸೈನಿಕರ ಪ್ರತಿಮೆಗಳ ತಾಣವನ್ನು, ನಾವು ಆಗಲೇ ನೋಡಿದೆವು. ಜನಸಂದಣಿಯ ನಡುವೆಯೂ ಅದು ನೋಡತಕ್ಕದ್ದೇ, ಆದರೆ ಎಲ್ಲರೂ ನೋಡುವ ಕ್ರಮದಲ್ಲಿ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಟಿಕೆಟ್ಟಿನ ದರ 120 ಯುವಾನ್. ಸಂದರ್ಶಕರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ನೀಡಿ ಮುಂಗಡವಾಗಿ ಆನ್‌ಲೈನಿನಲ್ಲೇ ಕಾಯ್ದಿರಿಸಬೇಕು, ಮತ್ತು ಪ್ರವೇಶದ್ವಾರದಲ್ಲಿ ಅದೇ ಪಾಸ್‌ಪೋರ್ಟನ್ನು ತೋರಿಸಬೇಕು. ಸೈನಿಕರ ಪ್ರತಿಮೆಗಳು ಸಿಕ್ಕಿದ ಮೂರು ಗುಂಡಿಗಳಿಗೂ ಸಮಾಧಿ ದಿಬ್ಬವಿರುವ ಲಿಶಾನ್ ಉದ್ಯಾನಕ್ಕೂ ಇದೊಂದೇ ಟಿಕೆಟ್ ಸಾಕು. ನಗರದಿಂದ ಮೆಟ್ರೋದ 9ನೇ ಮಾರ್ಗ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ತಲುಪುವುದು ಸುಲಭ. ಬಸ್ಸಿಳಿದ ಕೂಡಲೇ ಅಗ್ಗದ ಪ್ರವಾಸದ ಆಸೆ ತೋರಿಸಿ ಬೇರೆಡೆಗೆ ಕರೆಯುವ ದಲ್ಲಾಳಿಗಳಿಗೆ ಕಿವಿಗೊಡಬಾರದು. ಅವರ ಹಿಂದೆ ಹೋದವರು ನಕಲಿ ಪ್ರತಿಮೆಗಳ ಪ್ರದರ್ಶನಕ್ಕೆ ಹಣ ತೆತ್ತು ಬರುವ ಸಂಭವವೇ ಹೆಚ್ಚು.

ಒಳಗೆ ಬಂದವರಲ್ಲಿ ಹೆಚ್ಚಿನವರು ನೇರವಾಗಿ ಒಂದನೇ ಗುಂಡಿಗೆ ಧಾವಿಸುತ್ತಾರೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮೊದಲ ಚೂರುಗಳು ಸಿಕ್ಕಿದ್ದು ಇಲ್ಲಿಯೇ. 1979ರ ಅಕ್ಟೋಬರ್ 1ರಂದು, ಅಂದರೆ ಇದೇ ರಾಷ್ಟ್ರೀಯ ದಿನದಂದು, ವಸ್ತುಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆದುಕೊಂಡಿತು. ಸುಮಾರು 230 ಮೀಟರ್ ಉದ್ದ, 62 ಮೀಟರ್ ಅಗಲದ ಆ ಸಭಾಂಗಣದ ಮುಂಭಾಗದ ಕಂಬಿಯ ಬಳಿ ರಜೆಯ ದಿನ ಸೇರುವ ಜನರನ್ನು ಕಂಡಾಗ ಮೈಸೂರಿನ ಜಂಬೂ ಸವಾರಿಯ ದಿನದ ರಾಜಮಾರ್ಗವೇ ನೆನಪಾಗುತ್ತದೆ. ಎತ್ತಿ ಹಿಡಿದ ಫೋನುಗಳ ನಡುವಿನಿಂದ ಪೂರ್ವಕ್ಕೆ ಮುಖಮಾಡಿ ನಿಂತ ಸಾಲುಗಳು ಕಾಣುತ್ತವೆಯಾದರೂ, ಒಂದೇ ಒಂದು ಮುಖವನ್ನು ದಿಟ್ಟಿಸಿ ನೋಡುವಷ್ಟು ಹೊತ್ತು ಅಲ್ಲಿ ನಿಲ್ಲಲಾಗುವುದಿಲ್ಲ.

ಹಾಗಾಗಿ ಆ ಕಂಬಿಯ ಜಾಗಕ್ಕಾಗಿ ಹೋರಾಡದೆ, ಪಕ್ಕದ ಹಾದಿಯಲ್ಲಿ ಸಾಗಿ ಸಭಾಂಗಣದ ಹಿಂಬದಿಗೆ ಹೋಗಬೇಕು. ಅಲ್ಲಿ ಗದ್ದಲ ಕಡಿಮೆ, ನೋಡುವುದಕ್ಕೆ ಇರುವುದು ಹೆಚ್ಚು. ತಲೆಯಿಲ್ಲದ ಮುಂಡಗಳು, ಪಟ್ಟಿ ಸುತ್ತಿದ ಕಾಲುಗಳು, ಅರ್ಧ ಜೋಡಿಸಿದ ಕುದುರೆಗಳು ಅಲ್ಲಿ ದುರಸ್ತಿಗಾಗಿ ನಿಂತಿವೆ. ಗುಂಡಿಗಳಲ್ಲಿ ಸಿಕ್ಕಿದ ಪ್ರತಿಮೆಗಳು ಬಹುಮಟ್ಟಿಗೆ ಚೂರುಚೂರಾಗಿಯೇ ಸಿಕ್ಕಿದ್ದವು: ಬೆಂಕಿಗೆ ಸಿಕ್ಕ ಮರದ ಚಾವಣಿಯು ಮೇಲಿನ ಮಣ್ಣಿನೊಡನೆ ಸೈನಿಕರ ಮೇಲೆ ಕುಸಿದಿತ್ತು. ಮಣ್ಣಿನ ದಿಬ್ಬಗಳ ಮೇಲೆ ಇಂದಿಗೂ ಕಾಣುವ ಅಲೆಯಂಥ ಏರಿಳಿತಗಳು ಆ ತೊಲೆಗಳ ಅಚ್ಚು. ಒಂದು ಪ್ರತಿಮೆಯನ್ನು ಜೋಡಿಸಲು ತಿಂಗಳುಗಳೇ ಹಿಡಿಯುತ್ತವೆ. ಮೂಲದಲ್ಲಿ ಇವಕ್ಕೆಲ್ಲ ಬಣ್ಣ ಬಳಿಯಲಾಗಿತ್ತು. ಬಣ್ಣದ ಕೆಳಗಿನ ಅರಗಿನ ಪದರವು ಹೊರಗಿನ ಒಣ ಗಾಳಿಗೆ ಕೆಲವೇ ನಿಮಿಷಗಳಲ್ಲಿ ಸುರುಳಿಗೊಂಡು ಉದುರಿಹೋಗುತ್ತದೆ ಎಂಬ ಸಂಗತಿಯನ್ನು ತಿಳಿದು ನೋಡಿದರೆ, ಉತ್ಖನನ ಏಕೆ ಇಷ್ಟು ನಿಧಾನವಾಗಿ ಸಾಗುತ್ತಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ನಮ್ಮ ಬಳಗ ಅತಿ ಹೆಚ್ಚು ಹೊತ್ತು ನಿಂತಿದ್ದು ಇಲ್ಲಿಯೇ, ಮತ್ತು ಇಷ್ಟೊಂದು ತಾಳ್ಮೆಯ ಕೆಲಸವನ್ನು ಮರೆಮಾಚದೆ ಜನರೆದುರಿಗೆ ಇಟ್ಟಿರುವ ವಸ್ತುಸಂಗ್ರಹಾಲಯದ ಬಗ್ಗೆ ನನಗೆ ಮನಃಪೂರ್ವಕ ಗೌರವವಿದೆ.

ಎರಡನೇ ಗುಂಡಿಯ ಬಹುಭಾಗ ಇನ್ನೂ ಮುಚ್ಚಿಯೇ ಇರುವುದರಿಂದ ಅನೇಕರು ಅಲ್ಲಿಂದ ಬೇಗನೆ ಹೊರಬೀಳುತ್ತಾರೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿರುವ, ಮಂಡಿಯೂರಿ ಕುಳಿತ ಬಿಲ್ಲಾಳು ಅಲ್ಲಿದ್ದಾನೆ. ಅವನ ಪಾದರಕ್ಷೆಯ ಅಟ್ಟೆಯ ಮೇಲಿನ ಹೊಲಿಗೆಯ ಸಾಲುಗಳನ್ನು ನೋಡುವುದಕ್ಕಾದರೂ ಪೆಟ್ಟಿಗೆಯ ಹಿಂಬದಿಗೆ ಹೋಗಬೇಕು. ಮೂರನೇ ಗುಂಡಿ ಕೇವಲ 520 ಚದರ ಮೀಟರಿನದು. ಸೇನೆಯ ಆಜ್ಞಾಕೇಂದ್ರ ಅದಾಗಿತ್ತೆಂದು ವಿದ್ವಾಂಸರು ಭಾವಿಸುತ್ತಾರೆ.

ಗುಂಪಿನಲ್ಲಿ ಬರುವವರು ತಪ್ಪಿಸಿಕೊಳ್ಳುವುದು ಲಿಶಾನ್ ಉದ್ಯಾನವನ್ನು. ಉಚಿತ ಬಸ್ಸಿನಲ್ಲಿ ಅಲ್ಲಿಗೆ ಹೋದರೆ, ಇಂದಿಗೂ ಅಗೆಯದೆ ಬಿಟ್ಟಿರುವ ಚಕ್ರವರ್ತಿಯ ಸಮಾಧಿ ದಿಬ್ಬದ ಸುತ್ತ ಮರಗಳ ನೆರಳಿನಲ್ಲಿ ಗೆಳೆಯರೊಡನೆ ಮಾತನಾಡುತ್ತ ನಡೆಯಬಹುದು. 1980ರಲ್ಲಿ ಪತ್ತೆಯಾದ ಎರಡು ಕಂಚಿನ ರಥಗಳೂ 2021ರಿಂದ ಇಲ್ಲಿನ ಪ್ರತ್ಯೇಕ ಕಟ್ಟಡದಲ್ಲಿವೆ. ನಿಜವಾದ ರಥದ ಅರ್ಧದಷ್ಟು ಅಳತೆಯಲ್ಲಿ, ಒಂದೊಂದನ್ನೂ 3,000ಕ್ಕೂ ಹೆಚ್ಚು ಬಿಡಿಭಾಗಗಳಿಂದ ಕಟ್ಟಿರುವ ಅವುಗಳ ಲಗಾಮು, ಕೊಡೆ, ಕಿಟಕಿಗಳ ಕುಸುರಿಯನ್ನು ನೋಡಲು ಧಾರಾಳವಾಗಿ ಸಮಯ ಮೀಸಲಿಡಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಸೀಮಿತ. ಖಾರದ ಎಣ್ಣೆ ಮತ್ತು ವಿನಿಗರ್ ಬೆರೆಸಿದ ಲಿಯಾಂಗ್‌ಪಿ ಎಂಬ ತಣ್ಣನೆಯ ಶಾವಿಗೆ ಆ ಪ್ರಾಂತದ ತಿನಿಸಾಗಿದ್ದು, ಮಾಂಸ ಬೇಡವೆಂದು ಮೊದಲೇ ಹೇಳಿದರೆ ನಮ್ಮ ನಾಲಿಗೆಗೂ ಒಗ್ಗುತ್ತದೆ. ಹಿರಿಯರು ಅಥವಾ ಪುಟ್ಟ ಮಕ್ಕಳು ಜೊತೆಗಿದ್ದರೆ ಈ ರಜೆಯನ್ನು ಬಿಟ್ಟು ಬೇರೆ ವಾರ ಹೋಗುವುದು ಒಳಿತು; ಉಳಿದವರು ಬೆಳಗಿನ ಮೊದಲ ಅವಧಿಯ ಟಿಕೆಟ್ ಕಾಯ್ದಿರಿಸಿ, ಮೂರು ಮತ್ತು ಎರಡನೇ ಗುಂಡಿಗಳನ್ನು ಮುಗಿಸಿ ಒಂದನೇ ಗುಂಡಿಗೆ ಬಂದು, ಮಧ್ಯಾಹ್ನವನ್ನು ಪೂರ್ತಿಯಾಗಿ ಲಿಶಾನ್ ಉದ್ಯಾನಕ್ಕೆ ಬಿಟ್ಟುಕೊಡಬೇಕೆಂದು ಶಿಫಾರಸು ಮಾಡುತ್ತೇನೆ.