ಮುಚ್ಚಿದ ಸಂಸ್ಥೆಯ ವೆಬ್‌ಸೈಟ್ ಉಳಿಸಲು ನಾಲ್ಕು ದಾರಿ, ನನಗೆ ಒಗ್ಗಿದ್ದು ಒಂದು

ಮೊದಲೇ ಹೇಳಿಬಿಡುತ್ತೇನೆ. ನನಗೆ ಹಿಡಿಸಿದ್ದು, ನಾವು ನೋಡುವ ಪುಟವನ್ನು ಹಾಗೇ ಹಿಡಿದಿಡುವ ಆರ್ಕೈವ್‌ವೆಬ್.ಪೇಜ್. ಉಳಿದ ಮೂರನ್ನೂ ಬಳಸಿ ನೋಡಿದ್ದೇನೆ. ಅದರಲ್ಲಿ ಒಂದರ ಮೇಲೆ ಸಿಟ್ಟಿದೆ, ಆದರೆ ಆ ಸಿಟ್ಟಿಗೆ ಕಾರಣ ಸಾಫ್ಟ್‌ವೇರ್ ಅಲ್ಲ, ನಾನು ಕೊಟ್ಟ 3,500 ರೂಪಾಯಿ.

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇತ್ತು. ಹಳ್ಳಿ ಹೆಣ್ಣುಮಕ್ಕಳ ಸ್ವಸಹಾಯ ಗುಂಪು, ತೊಗರಿ ಬೆಳೆಗಾರರ ಸಭೆ, ಜೊತೆಗೆ ಹಾಡು ಸಂಗ್ರಹ. ಗೀಗೀ ಪದ, ಮೊಹರಂ ಪದ, ಬೀಸುವ ಪದ ಎಲ್ಲ ರೆಕಾರ್ಡ್ ಮಾಡಿ ಸೈಟಿಗೆ ಹಾಕುತ್ತಿದ್ದೆವು. ದುಡ್ಡು ಬರುವುದು ನಿಂತಿತು, ಮಾರ್ಚ್ 31ಕ್ಕೆ ಬಾಗಿಲು ಹಾಕಿದೆವು. ನಾನು ಅಲ್ಲಿ ಲೆಕ್ಕ ಬರೆಯುತ್ತಿದ್ದವನು. ಕುರ್ಚಿ, ಬೀರು, ಪ್ರಿಂಟರ್ ಯಾರಿಗೆ ಹೋಗಬೇಕು ಅಂತ ಠರಾವು ಬರೆದವನೂ ನಾನೇ. ವೆಬ್‌ಸೈಟ್ ಬಗ್ಗೆ ಆ ಠರಾವಿನಲ್ಲಿ ಒಂದು ಸಾಲೂ ಇಲ್ಲ.

ಹೋಸ್ಟಿಂಗ್ ದುಡ್ಡು, ಅಂದರೆ ಸೈಟ್ ಇಟ್ಟ ಜಾಗದ ಬಾಡಿಗೆ, ಮೇ ಕೊನೆಯವರೆಗೆ ಕಟ್ಟಿಯಾಗಿತ್ತು. ಗೊತ್ತಿದ್ದ ಹುಡುಗನೊಬ್ಬನಿಗೆ 'ಪೂರ್ತಿ ಸೈಟ್ ಕಾಪಿ ಮಾಡಿಕೊಡು' ಅಂತ 3,500 ಕೊಟ್ಟೆ. ಎರಡೇ ದಿನದಲ್ಲಿ ಪೆನ್‌ಡ್ರೈವ್ ತಂದುಕೊಟ್ಟ. ಮುಖಪುಟ ತೆರೆದೆ, ಫೋಟೋ ಬಂತು, ಮೆನು ಬಂತು. ಖುಷಿಯಾಗಿ ಬೀರುವಿನಲ್ಲಿಟ್ಟೆ.

ಮೇ ಮೊದಲ ವಾರ ಚಿತ್ತಾಪುರ ಕಡೆಯ ಹೆಣ್ಣುಮಗಳೊಬ್ಬಳ ಫೋನ್ ಬಂತು. 'ಅಣ್ಣಾ, ನಮ್ಮವ್ವನ ಹಾಡು ಇತ್ತಲ್ರೀ ನಿಮ್ಮ ಸೈಟಿನ್ಯಾಗ, ಅದೊಂದು ಕಳಸ್ರಿ' ಅಂದಳು. ಅವರವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಪೆನ್‌ಡ್ರೈವ್ ಹಾಕಿ ಹುಡುಕಿದೆ. ಹಾಡಿನ ಪುಟದಲ್ಲಿ ಹತ್ತು ಹಾಡಿನ ಹೆಸರುಗಳಿದ್ದವು. ಕೆಳಗೆ 'ಇನ್ನಷ್ಟು ಹಾಡು' ಅನ್ನೋ ಗುಂಡಿ. ಒತ್ತಿದರೆ ಏನೂ ಇಲ್ಲ. ಆ ಹತ್ತರಲ್ಲಿ ಒಂದನ್ನಾದರೂ ಕೇಳೋಣ ಅಂದರೆ ಅದೂ ಇಲ್ಲ. ನಮ್ಮ ಸೈಟಿನಲ್ಲಿದ್ದದ್ದು 63 ಹಾಡು, ಪೆನ್‌ಡ್ರೈವ್‌ನಲ್ಲಿ ಒಂದೂ ಇರಲಿಲ್ಲ.

ಹುಡುಗ ಬಳಸಿದ್ದು ಎಚ್‌ಟಿಟ್ರ್ಯಾಕ್. 1998ರಿಂದ ಇರುವ ಸಾಫ್ಟ್‌ವೇರ್, ಪುಕ್ಕಟೆ. ವಿಳಾಸ ಕೊಟ್ಟರೆ ಸಾಕು, ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಹೋಗಿ ಎಲ್ಲ ಇಳಿಸಿಕೊಳ್ಳುತ್ತದೆ. ಹಳೇ ಕಾಲದ ಸರಳ ಸೈಟಿಗೆ ಇದು ಸಾಕು. ಆದರೆ ಗುಂಡಿ ಒತ್ತಿದ ಮೇಲೆ ಬರುವ ವಸ್ತು ಇದರ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಇದು ಗುಂಡಿ ಒತ್ತುವುದೇ ಇಲ್ಲ. ಹಾಡಿನ ಫೈಲುಗಳನ್ನು ನಾವು ಬೇರೊಂದು ಆಡಿಯೊ ತಾಣದಲ್ಲಿಟ್ಟು ಇಲ್ಲಿ ಪ್ಲೇಯರ್ ಅಂಟಿಸಿದ್ದೆವು. ಬೇರೆ ತಾಣಕ್ಕೆ ಹೋಗು ಅಂತ ಹೇಳದಿದ್ದರೆ ಎಚ್‌ಟಿಟ್ರ್ಯಾಕ್ ಹೋಗುವುದಿಲ್ಲ. ಹುಡುಗ ಹೇಳಿರಲಿಲ್ಲ. ನಾನೂ ತೆರೆದು ನೋಡದೆ ದುಡ್ಡು ಕೊಟ್ಟೆ. ಇಬ್ಬರದೂ ತಪ್ಪು, ದುಡ್ಡು ಮಾತ್ರ ನನ್ನದು.

ಕೈಯಲ್ಲಿ ಮೂರು ವಾರ ಉಳಿದಿತ್ತು.

'ಸುಮ್ನೆ ಹೋಸ್ಟಿಂಗ್ ದುಡ್ಡು ಕಟ್ಟಿಬಿಡಿ' ಅಂದವರೂ ಇದ್ದಾರೆ. ಟ್ರಸ್ಟಿನ ಖಾತೆ ಮುಚ್ಚಿದೆ, ಪ್ರತಿ ವರ್ಷ ಯಾರು ಕಟ್ಟಬೇಕು? ಕಟ್ಟಿದರೂ, ನಮ್ಮ ಹಾಗೆ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಮೇಲೆ ನಡೆಯುವ ಸೈಟನ್ನು ಅಪ್‌ಡೇಟ್ ಮಾಡದೆ ಬಿಟ್ಟರೆ ಒಂದಲ್ಲ ಒಂದು ದಿನ ಯಾರೋ ಒಳಗೆ ನುಗ್ಗುತ್ತಾರೆ. ಡೊಮೇನ್, ಅಂದರೆ ಸೈಟಿನ ಹೆಸರು, ಬಿಟ್ಟುಕೊಟ್ಟರೆ ಇನ್ನೊಂದು ಕಥೆ. ಡಾಟ್ ಆರ್ಗ್ ಹೆಸರಿನ ಅವಧಿ ಮುಗಿದು, ರಿಯಾಯಿತಿ ದಿನಗಳೂ ಕಳೆದ ಮೇಲೆ, ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಅಳಿಸಲು 5 ದಿನ. ಆಮೇಲೆ ಅದು ಯಾರ ಕೈಗೂ ಹೋಗಬಹುದು. ಸತ್ತ ಸಂಸ್ಥೆಗಳ ಹೆಸರಿನಲ್ಲಿ ಜೂಜಿನ ಸೈಟ್ ನಡೆಯುವುದನ್ನು ನಾನೇ ನೋಡಿದ್ದೇನೆ.

ಮೊದಲು ಹಿಡಿದದ್ದು ವೇಬ್ಯಾಕ್ ಮಷೀನ್, ವೆಬ್ ಪುಟಗಳ ಹಳೇ ಪ್ರತಿ ಇಡುವ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ತಾಣ. ಇಂಟರ್ನೆಟ್ ಆರ್ಕೈವ್ 1996ರಲ್ಲಿ ಶುರುವಾದದ್ದು, ವೇಬ್ಯಾಕ್ ಜನರಿಗೆ ಸಿಕ್ಕಿದ್ದು 2001ರಲ್ಲಿ. 'ಸೇವ್ ಪೇಜ್ ನೌ' ಅನ್ನೋ ಕಡೆ ವಿಳಾಸ ಹಾಕಿದರೆ ಅಲ್ಲೇ ಪುಟ ಉಳಿಯುತ್ತದೆ. ಪುಕ್ಕಟೆ ಖಾತೆ ಮಾಡಿಕೊಂಡು ಲಾಗಿನ್ ಆದರೆ ಆ ಪುಟದಲ್ಲಿರುವ ಕೊಂಡಿಗಳನ್ನೂ ಜೊತೆಗೇ ಉಳಿಸು ಅನ್ನಬಹುದು. ವರದಿಗಳು, ಫೋಟೋಗಳು ಚೆನ್ನಾಗಿ ಕೂತವು. 'ಇನ್ನಷ್ಟು ಹಾಡು' ಗುಂಡಿ ಇಲ್ಲೂ ಕೆಲಸ ಮಾಡಲಿಲ್ಲ.

ಆದರೆ ಬೇರೆ ಯಾವುದೂ ಕೊಡಲಾರದ್ದನ್ನು ಇದು ಕೊಟ್ಟಿತು. ನಮ್ಮ ಸೈಟ್ ಶುರುವಾದದ್ದು 2008ರಲ್ಲಿ. ನಡುವೆ ಹೊಸ ವಿನ್ಯಾಸ ಮಾಡಿಸುವಾಗ ಹಳೇ ಪುಟ ನಾವೇ ಅಳಿಸಿದ್ದೆವು. ವೇಬ್ಯಾಕ್‌ನಲ್ಲಿ ಅವು ಇನ್ನೂ ಇದ್ದವು! ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕೆ, ಗೆರೆ. ಯಾವ ಭಾಷೆಯೂ ಅಲ್ಲ. ಆಗ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಇರಲಿಲ್ಲ ಅಂತಲ್ಲ, ನಮಗೆ ಅದರ ರೂಢಿ ಇರಲಿಲ್ಲ. ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಹಾಗೇ ಏರಿಸುತ್ತಿದ್ದೆವು. ಲ್ಯಾಪ್‌ಟಾಪಿಗೆ ಹಳೇ ನುಡಿ ಫಾಂಟ್ ಹಾಕಿದ ಮೇಲೆ ಪುಟ ಕನ್ನಡವಾಯಿತು. 'ಯಾದಗಿರಿ ತಾಲ್ಲೂಕು, ಗುಲ್ಬರ್ಗಾ ಜಿಲ್ಲೆ' ಅಂತ ಬರೆದಿದ್ದೆವು. 2009ರ ಕೊನೆಗೆ ಯಾದಗಿರಿಯೇ ಜಿಲ್ಲೆಯಾಯಿತು, 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು. ನಿಮ್ಮ ಬಳಿಯೂ ಇಂಥ ಹಳೇ ಪುಟಗಳಿದ್ದರೆ ಫಾಂಟ್ ಫೈಲನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ. ಫಾಂಟ್ ಇಲ್ಲದ ನುಡಿ ಪುಟ ಕೀಲಿ ಕಳೆದ ಪೆಟ್ಟಿಗೆ.

ಹಾಗಂತ ವೇಬ್ಯಾಕ್ ಒಂದನ್ನೇ ನಂಬಿ ಕೂರಲು ನನಗೆ ಧೈರ್ಯ ಸಾಲದು. 2017ರಲ್ಲಿ ನ್ಯಾಯಾಲಯದ ಆದೇಶವೊಂದರಿಂದ ನಮ್ಮ ದೇಶದಲ್ಲಿ ಅದು ಕೆಲ ದಿನ ತೆರೆಯಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಹ್ಯಾಕರ್‌ಗಳ ಕಾಟಕ್ಕೆ ಮತ್ತೆ ಕೆಲ ದಿನ ನಿಂತಿತು. ಇನ್ನೊಂದು ಮಾತು: ಅಲ್ಲಿ ಹಾಕಿದ್ದನ್ನು ಜಗತ್ತೇ ನೋಡುತ್ತದೆ. ನಮ್ಮ ಗುಂಪುಗಳ ಪುಟದಲ್ಲಿ ಹೆಣ್ಣುಮಕ್ಕಳ ಮೊಬೈಲ್ ನಂಬರ್ ಇದ್ದವು. ಆ ಪುಟಗಳನ್ನು ನಾನು ಅಲ್ಲಿಗೆ ಕಳಿಸಲಿಲ್ಲ.

ಮೂರನೆಯದು ಡಬ್ಲ್ಯೂಗೆಟ್, ಕಮಾಂಡ್ ಹೊಡೆದು ಸೈಟ್ ಇಳಿಸುವ ಸಾಫ್ಟ್‌ವೇರ್. ಇದು ನನ್ನ ಕೈಲಾಗುವ ಕೆಲಸವಲ್ಲ, ಅಣ್ಣನ ಮಗ ಮಾಡಿಕೊಟ್ಟ. ಇಂಜಿನಿಯರಿಂಗ್ ಓದುತ್ತಾನೆ, ಲ್ಯಾಪ್‌ಟಾಪಿನಲ್ಲಿ ಉಬುಂಟು. ಕಪ್ಪು ಪರದೆಯಲ್ಲಿ ಒಂದು ಸಾಲು ಹೊಡೆದ. 'ಕಾಕಾ, ಚಾ ಕುಡದು ಬರೋದ್ರಾಗ ಮುಗೀತದ' ಅಂದ. ಒಂದು ತಾಸು ಹಿಡಿಯಿತು, ಆದರೆ ಮುಗಿಯಿತು. ಪುಟ ತೆರೆದರೆ ಎಲ್ಲ ಸರಿ. ಕೊಂಡಿಗಳೂ ಸರಿ. ಹಾಡಿನ ಗುಂಡಿ ಮಾತ್ರ ಸತ್ತದ್ದು ಸತ್ತದ್ದೇ.

ತಂಟೆ ಶುರುವಾದದ್ದು ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗ. ಕೆಲವು ಫೋಲ್ಡರ್ ಹೋದವು, ಕೆಲವು ಹೋಗಲ್ಲ ಅಂದವು. ಹೋಗದವುಗಳ ಹೆಸರು ನೋಡಿದೆವು. ನಮ್ಮ ಪುಟಗಳ ವಿಳಾಸ ಕನ್ನಡದಲ್ಲೇ ಇತ್ತು, ಹಾಗಾಗಿ ಫೋಲ್ಡರ್ ಹೆಸರೂ ಕನ್ನಡದಲ್ಲೇ ಬರಬೇಕು. ಬಂದದ್ದು ಪ್ರಶ್ನೆ ಗುರುತು, ಶೇಕಡಾ ಗುರುತು, ಅಂಕಿ, ನಡುನಡುವೆ ಒಂದೆರಡು ಕನ್ನಡ ಅಕ್ಷರ. ವಿಚಿತ್ರ ಏನಂದರೆ, ಎಲ್ಲ ಹೆಸರೂ ಕೆಟ್ಟಿರಲಿಲ್ಲ. 'ನಮನ' ಅನ್ನೋ ಪುಟ ನೆಟ್ಟಗಿತ್ತು. 'ಗೀಗೀ ಪದ' ಪುಟದಲ್ಲಿ 'ಗೀಗೀ' ಹಾಳಾಗಿ 'ಪದ' ಉಳಿದಿತ್ತು. 'ಕಲಬುರಗಿ'ಯಲ್ಲಿ ಕ ಹೋಗಿತ್ತು, ಲ ಇತ್ತು, ಗ ಹೋಗಿತ್ತು.

ಇದರ ಹಿಂದೆ ಒಂದಿಡೀ ಸಂಜೆ ಹೋಯಿತು. ಮೇ ತಿಂಗಳ ಕಲಬುರಗಿ, ಫ್ಯಾನ್ ಬಿಸಿಗಾಳಿಯನ್ನೇ ತಿರುವುತ್ತಿತ್ತು. ನಾನು ಪುಸ್ತಕದಲ್ಲಿ ಎರಡು ಸಾಲು ಮಾಡಿ ಉಳಿದ ಅಕ್ಷರ ಒಂದು ಕಡೆ, ಕೆಟ್ಟ ಅಕ್ಷರ ಇನ್ನೊಂದು ಕಡೆ ಬರೆಯುತ್ತಾ ಹೋದೆ. ಲೆಕ್ಕದವನ ಚಟ. ಬರೆದು ನೋಡಿದರೆ ವರ್ಣಮಾಲೆಯೇ ಎರಡು ತುಂಡಾಗಿತ್ತು. ಸ್ವರಗಳೆಲ್ಲ ಹೋಗಿದ್ದವು. ಕ ದಿಂದ ಟ ವರೆಗೆ ಹೋಗಿದ್ದವು. ಠ ದಿಂದ ಮುಂದೆ ಎಲ್ಲ ಉಳಿದಿದ್ದವು!

ಅದನ್ನು ತೋರಿಸಿದ ಮೇಲೆ ಅಣ್ಣನ ಮಗನಿಗೆ ಹೊಳೆಯಿತು. ಕಂಪ್ಯೂಟರ್ ಒಳಗೆ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬು ದೀರ್ಘಕ್ಕೂ ಮೂರು ಬೈಟ್, ಅಂದರೆ 0ಯಿಂದ 255ರೊಳಗಿನ ಮೂರು ಅಂಕಿ. ಡಬ್ಲ್ಯೂಗೆಟ್ ಫೈಲಿಗೆ ಹೆಸರಿಡುವಾಗ 128ರಿಂದ 159ರವರೆಗಿನ ಬೈಟ್ ಸಿಕ್ಕರೆ ಇದು ಅಕ್ಷರವಲ್ಲ, ಕಂಪ್ಯೂಟರಿಗೆ ಕೊಡುವ ಕಂಟ್ರೋಲ್ ಸಂಕೇತ ಅಂದುಕೊಂಡು ಶೇಕಡಾ ಗುರುತು ಹಾಕಿ ಬರೆಯುತ್ತದೆ. ಕ ದಿಂದ ಟ ವರೆಗಿನವುಗಳ ಮೂರನೇ ಬೈಟ್ 149ರಿಂದ 159. ಠ ಅನ್ನೋದು 160. ಒಂದೇ ಒಂದು ಅಂಕಿಯಲ್ಲಿ ಠ ಪಾರು! ದೀರ್ಘ ಈಕಾರ, ಕೊಂಬು, ಅರ್ಧಾಕ್ಷರದ ಗುರುತು ಇವೂ ಆ ಬಲೆಗೇ ಬೀಳುತ್ತವೆ. ಆದ್ದರಿಂದ ಒತ್ತಕ್ಷರವಿದ್ದ ಹೆಸರು ಒಂದೂ ಉಳಿದಿರಲಿಲ್ಲ.

ಮದ್ದು ಸಣ್ಣದು. 'ರಿಸ್ಟ್ರಿಕ್ಟ್ ಫೈಲ್ ನೇಮ್ಸ್' ಅನ್ನೋ ಆಯ್ಕೆಗೆ 'ನೋಕಂಟ್ರೋಲ್' ಅಂತ ಕೊಡಬೇಕು, ಅಷ್ಟೇ. ಮತ್ತೆ ಮೊದಲಿಂದ ಇಳಿಸಿದೆವು, ಹೆಸರೆಲ್ಲ ಕನ್ನಡದಲ್ಲೇ ಬಂದವು. ಆದರೂ ಕೆಲವು ಹೆಸರು ಅರ್ಧಕ್ಕೆ ನಿಂತಿದ್ದವು. ಅದು ಡಬ್ಲ್ಯೂಗೆಟ್ ತಪ್ಪಲ್ಲ. ವರ್ಡ್‌ಪ್ರೆಸ್ ವಿಳಾಸದಲ್ಲಿ ತಲೆಬರಹದಿಂದ ಬರುವ ತುಂಡನ್ನು 200 ಅಕ್ಷರಕ್ಕೆ ಕತ್ತರಿಸುತ್ತದೆ. ಕನ್ನಡದ ಒಂದು ಅಕ್ಷರ ಶೇಕಡಾ ಗುರುತಿನ ರೂಪದಲ್ಲಿ 9 ಜಾಗ ತಿನ್ನುತ್ತದೆ. ಅಂದರೆ ನಮಗೆ ಸಿಗುವುದು ಕೊಂಬು ದೀರ್ಘ ಸೇರಿ ಬರೀ 22. ಉದ್ದ ತಲೆಬರಹ ಬರೆಯುವ ನಮ್ಮ ಕಾರ್ಯದರ್ಶಿಯವರ ಪುಟಗಳಿಗೆಲ್ಲ ಬಾಲವೇ ಇರಲಿಲ್ಲ.

ಡಬ್ಲ್ಯೂಗೆಟ್ ಕೆಟ್ಟದ್ದಲ್ಲ. ಕಮಾಂಡ್ ಬರೆಯಲು ಬರುವವರು, ಬರೀ ಬರಹ ಮತ್ತು ಫೋಟೋ ಇರುವ ಸೈಟ್ ಉಳಿಸುವವರು ಕಣ್ಣು ಮುಚ್ಚಿ ಇದನ್ನೇ ಹಿಡಿಯಬಹುದು. ಆದರೆ ಪ್ರತಿ ಸಲ ಅಣ್ಣನ ಮಗನನ್ನು ಕರೆಯಲು ನನಗೆ ಆಗುವುದಿಲ್ಲ. ಅವನಿಗೆ ಪರೀಕ್ಷೆ ಬೇರೆ.

ಈಗ ನನ್ನ ಆರ್ಕೈವ್‌ವೆಬ್.ಪೇಜ್. ಕ್ರೋಮ್‌ಗೆ ಹಾಕಿಕೊಳ್ಳುವ ಎಕ್ಸ್‌ಟೆನ್ಷನ್, ಪುಕ್ಕಟೆ. ಶುರು ಅಂತ ಒತ್ತಿ, ನೀವು ಎಂದಿನಂತೆ ಸೈಟ್ ನೋಡುತ್ತಾ ಹೋಗಿ. ಬ್ರೌಸರಿಗೆ ಏನೇನು ಬರುತ್ತದೋ ಅದನ್ನೆಲ್ಲ ಅದು ಹಿಡಿದಿಡುತ್ತದೆ. ಗುಂಡಿ ಒತ್ತುವವರು ನೀವೇ ಆದ್ದರಿಂದ ಗುಂಡಿಯ ಹಿಂದಿನದೂ ಬರುತ್ತದೆ. ಬೇರೆ ತಾಣದ ಹಾಡೂ ಬರುತ್ತದೆ. ಎಲ್ಲ ಕೊನೆಗೆ ಡಬ್ಲ್ಯೂಎಸಿಜೆಡ್ ಅನ್ನೋ ಒಂದೇ ಫೈಲ್. ಸಾವಿರ ಫೋಲ್ಡರ್ ಇಲ್ಲ, ಕೆಟ್ಟ ಹೆಸರಿಲ್ಲ. ಪೆನ್‌ಡ್ರೈವ್‌ಗೆ ಒಂದೇ ಏಟಿಗೆ ಹೋಗುತ್ತದೆ. ನೋಡಬೇಕಾದಾಗ ರಿಪ್ಲೇವೆಬ್.ಪೇಜ್ ಅನ್ನೋ ತಾಣದಲ್ಲಿ ತೆರೆದರೆ ಸೈಟ್ ಮೊದಲಿನ ಹಾಗೇ ಓಡಾಡುತ್ತದೆ. ಫೈಲ್ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ, ಹಾಗಾಗಿ ಮೊಬೈಲ್ ನಂಬರಿನ ಚಿಂತೆಯೂ ಇಲ್ಲ.

ಇದರ ಕಷ್ಟ ಒಂದೇ, ನೀವು ಕೂರಬೇಕು. ನಮ್ಮ ಸೈಟಿನಲ್ಲಿ 412 ಪುಟ. ಸೈಟ್‌ಮ್ಯಾಪ್‌ನಿಂದ ಪಟ್ಟಿ ತೆಗೆದು, ಲೆಡ್ಜರಿನಲ್ಲಿ ಬರೆದುಕೊಂಡು, ನೋಡಿದ್ದಕ್ಕೆಲ್ಲ ಟಿಕ್ ಹಾಕಿದೆ. ಹಾಡುಗಳನ್ನು ಸುಮ್ನೆ ಒತ್ತಿ ಬಿಟ್ಟರೆ ಸಾಲದು, ಅವು ತುಂಡು ತುಂಡಾಗಿ ಬರುತ್ತವೆ. ಕೊನೆಯವರೆಗೆ ಓಡಿಸಿದರೆ ಮಾತ್ರ ಪೂರ್ತಿ ಸಿಗುತ್ತದೆ. ಒಂಬತ್ತು ರಾತ್ರಿ ಹಿಡಿಯಿತು. ಮಾಳಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗೀಗೀ ಪದ ಕೇಳುತ್ತಿದ್ದೆ. ಪಕ್ಕದ ಮನೆಯವರು 'ಯಾಕ್ರೀ, ಈ ಸಲ ಮೊಹರಂ ಲಗೂ ಬಂತೇನು' ಅಂತ ಕೇಳಿದರು. ಆತುರದವರಿಗೆ ಇದು ಹೇಳಿದ್ದಲ್ಲ. ನನಗೆ ಕೆಲಸ ಇರಲಿಲ್ಲ, ನಿದ್ದೆಯೂ ಇರಲಿಲ್ಲ.

ಎರಡು ಎಚ್ಚರಿಕೆ. ಎಕ್ಸ್‌ಪೋರ್ಟ್ ಮಾಡುವ ತನಕ ಎಲ್ಲ ಬ್ರೌಸರ್ ಒಳಗೇ ಇರುತ್ತದೆ, ಎಕ್ಸ್‌ಟೆನ್ಷನ್ ತೆಗೆದರೆ ಹೋಯಿತು. ದಿನಾ ರಾತ್ರಿ ಹೊರಗೆ ತೆಗೆದಿಡಿ. ಮತ್ತೆ, ಲಾಗಿನ್ ಆಗಿದ್ದಾಗ ರೆಕಾರ್ಡ್ ಮಾಡಬೇಡಿ. ನಿಮ್ಮ ಲಾಗಿನ್ ಗುಟ್ಟೂ ಫೈಲಿನೊಳಗೆ ಸೇರಿಬಿಡಬಹುದು.

ಈ ದಾರಿಗೆ ನನ್ನ ಖರ್ಚು ಎರಡು ಪೆನ್‌ಡ್ರೈವ್. ಒಂದು ನನ್ನ ಹತ್ತಿರ, ಒಂದು ಬೀದರಿನಲ್ಲಿರುವ ನಮ್ಮ ಹಳೇ ಟ್ರಸ್ಟಿ ಹತ್ತಿರ. ವೇಬ್ಯಾಕ್‌ನಲ್ಲಿ ಜನ ನೋಡಬಹುದಾದ ಪುಟಗಳಿವೆ. ಸೈಟ್ ದೊಡ್ಡದಿದ್ದು ಪುಟ ಸಾವಿರಗಟ್ಟಲೆ ಇದ್ದರೆ ನನ್ನ ದಾರಿ ಹಿಡಿಯಬೇಡಿ, ಬೆರಳು ನೋಯುತ್ತದೆ. ದುಡ್ಡು ಕೊಟ್ಟು ಮಾಡಿಸುವವರಿಗೆ ಒಂದೇ ಮಾತು: ಇಂಟರ್ನೆಟ್ ಬಂದ್ ಮಾಡಿ, ಎಲ್ಲ ಗುಂಡಿ ಒತ್ತಿ ನೋಡಿ, ಆಮೇಲೆ ಕೊಡಿ.

ಚಿತ್ತಾಪುರದ ಹೆಣ್ಣುಮಗಳಿಗೆ ಡಬ್ಲ್ಯೂಎಸಿಜೆಡ್ ಕಳಿಸಿ ಏನು ಮಾಡಲಿ, ಆಕೆಯದು ಸಣ್ಣ ಮೊಬೈಲ್. ಸಿಂಗಲ್‌ಫೈಲ್ ಅನ್ನೋ ಇನ್ನೊಂದು ಎಕ್ಸ್‌ಟೆನ್ಷನ್ ಇದೆ, ಒಂದು ಪುಟವನ್ನು ಒಂದು ಫೈಲ್ ಮಾಡಿಕೊಡುತ್ತದೆ. ಅದನ್ನೂ, ಹಾಡಿನ ಎಂಪಿ3ಯನ್ನೂ ವಾಟ್ಸಾಪ್‌ನಲ್ಲಿ ಕಳಿಸಿದೆ. ಮರುದಿನ ಫೋನ್ ಮಾಡಿದಳು.

'ಅಣ್ಣಾ, ಹಾಡು ಛಲೋ ಕೇಳಸ್ತದ. ಆದ್ರ ಅವ್ವನ ಹೆಸರು ತಪ್ಪು ಬರದೀರಿ. ಮೊದಲಿಂದನೂ ತಪ್ಪೇ ಅದ. ಈಗ ತಿದ್ದಲಾಕ ಬರ್ತದೇನ್ರಿ?'

ಹಿಡಿದಿಟ್ಟ ಪುಟ ತಿದ್ದಲು ಬರುವುದಿಲ್ಲ. ಎರಡೂ ಪೆನ್‌ಡ್ರೈವ್‌ನಲ್ಲಿ ಆ ಫೈಲಿನ ಪಕ್ಕ ಒಂದು ಟೆಕ್ಸ್ಟ್ ಫೈಲ್ ಮಾಡಿ, ಸರಿಯಾದ ಹೆಸರು, ಊರು, ತೀರಿಕೊಂಡ ವರ್ಷ ಬರೆದಿಟ್ಟಿದ್ದೇನೆ. ಬೀದರಿನದಕ್ಕೆ ಬರೆಯಲು ಬಸ್ಸಿನಲ್ಲಿ ಹೋಗಿ ಬಂದೆ.