ಈಸ್ಟ್ ಲೆಗಾನ್ ಅಂದ್ರು, ಇಳಿಸಿದ್ದೇ ಬೇರೆ ಕಡೆ: ಅಕ್ರಾದಲ್ಲಿ ಮನೆ ಹುಡುಕುವವರು ಓದಿ

ಘಾನಾದ ಅಕ್ರಾದಲ್ಲಿ ಬಾಡಿಗೆಗೆ ಮನೆ ಹಿಡಿಯುವ ಯೋಚನೆ ಇದ್ದರೆ, ಅದರಲ್ಲೂ ಈಸ್ಟ್ ಲೆಗಾನ್ ಅನ್ನುವ ಬಡಾವಣೆಯ ಹೆಸರು ನೋಡಿ ಮನಸ್ಸು ಮಾಡಿದ್ದರೆ, ದುಡ್ಡು ಕಳಿಸುವ ಮೊದಲು ಇದನ್ನು ಓದಿ. ನಾನು ಕಳಿಸಿದ ಮೇಲೆ ಕಲಿತೆ. 900 ಡಾಲರ್ ಹೋಯಿತು, ಜೊತೆಗೆ ಒಂದು ಜ್ವರ ಬಂತು.

ಹೋಗಿದ್ದು ಇಬ್ಬರು. ನಾನು, ನನ್ನ ಜೊತೆ ಹಾಸನದ ಕಡೆಯ ಒಬ್ಬ ಹುಡುಗ. ಪೀಣ್ಯದಲ್ಲಿರುವ ನಮ್ಮ ಕಂಪನಿ ಪ್ಯಾಕಿಂಗ್ ಮೆಷಿನ್ ಮಾಡುತ್ತದೆ. ಒಂದು ಮೆಷಿನ್ ಟೆಮಾಕ್ಕೆ ಹೋಗಿತ್ತು, ಅದನ್ನು ಕೂರಿಸಿ, ಓಡಿಸಿ ತೋರಿಸಿ ಬರಬೇಕು. ಮೂರು ವಾರದ ಕೆಲಸ. ಟೆಮಾ ಅಂದರೆ ಅಕ್ರಾದ ಪೂರ್ವಕ್ಕಿರುವ ಬಂದರು ಊರು, ಕಾರ್ಖಾನೆಗಳು ಜಾಸ್ತಿ. ಎರಡರ ಮಧ್ಯೆ 19 ಕಿಲೋಮೀಟರಿನ ಮೋಟಾರ್‌ವೇ ಇದೆ, ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಕಾಲದ್ದು. ಟೆಮಾದಲ್ಲೇ ಗೆಸ್ಟ್ ಹೌಸ್ ಸಿಗುತ್ತಿತ್ತು. ಅಲ್ಲೇ ಇದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಆದರೆ ಹುಡುಗ ಮೊಟ್ಟೆಯನ್ನೂ ಮುಟ್ಟದವನು. ಅಡುಗೆಮನೆ ಇರುವ ಮನೆ ಬೇಕು ಅಂತ ಹಟ ಹಿಡಿದ. ಅದು ಸುಮ್ನೆ ಹಟ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಬೀದಿ ಬದಿ ವಾಚೆ ಅಂತ ಮಾರುತ್ತಾರೆ. ಅಲಸಂದೆ ಕಾಳು, ಅಕ್ಕಿ, ಬಣ್ಣಕ್ಕೆ ಜೋಳದ ಗಿಡದ ಒಣ ಎಲೆ ಹಾಕಿ ಬೇಯಿಸಿದ ಕೆಂಪು ಅನ್ನ. ನೋಡಿದರೆ ನಮ್ಮ ಮನೆ ಊಟದ ಹಾಗೇ ಇರುತ್ತದೆ. ಮೇಲೆ ಶಿಟೊ ಅಂತ ಒಂದು ಕಪ್ಪು ಖಾರ ಹಾಕಿ ಕೊಡುತ್ತಾರೆ. ಹುಡುಗ ಎರಡು ತುತ್ತು ಖುಷಿಯಿಂದ ತಿಂದ ಮೇಲೆ ಗೊತ್ತಾಗಿದ್ದು, ಅದರಲ್ಲಿ ಒಣ ಮೀನು, ಒಣ ಸೀಗಡಿ ಎರಡೂ ಇವೆ ಅಂತ.

ಸರಿ, ಬೆಂಗಳೂರಿನಲ್ಲಿ ಕೂತೇ ಫೋನಿನಲ್ಲಿ ಮನೆ ಹುಡುಕಿದೆ. ಅಕ್ರಾದ ಒಳ್ಳೆ ಬಡಾವಣೆಗಳು ಯಾವುವು ಅಂತ ಯಾರನ್ನು ಕೇಳಿದರೂ ಈಸ್ಟ್ ಲೆಗಾನ್ ಅಂತ ಒಂದು ಹೆಸರು ಬರುತ್ತದೆ. ವಿಮಾನ ನಿಲ್ದಾಣಕ್ಕೆ ಹತ್ತಿರ, ಘಾನಾ ವಿಶ್ವವಿದ್ಯಾಲಯದ ಪಕ್ಕ, ದುಡ್ಡಿದ್ದವರ ಮನೆಗಳು. ಒಬ್ಬ ಬ್ರೋಕರ್ ಸಿಕ್ಕ. ನೀಲಿ ಸೋಫಾ, ಬಿಳಿ ಅಡುಗೆಮನೆ, ಹೊರಗೆ ಬೋಗನ್‌ವಿಲ್ಲಾ ಬಳ್ಳಿ, ಚಂದದ ಫೋಟೋಗಳು. ಮೂರು ವಾರಕ್ಕೆ ಅವನ ಕಮಿಷನ್ ಸೇರಿ 900 ಡಾಲರ್, ಪೂರ್ತಿ ಮೊದಲೇ. 'ಇನ್ನಿಬ್ಬರು ಕೇಳ್ತಿದ್ದಾರೆ' ಅಂದ. ಈ ಡೈಲಾಗು ನಮ್ಮ ಬೆಂಗಳೂರಿನ ಬ್ರೋಕರ್‌ಗಳ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ ಹೇಳಿ. ಆದರೂ ಬಿದ್ದೆ.

ಕಳಿಸಲು ಕೊಟ್ಟಿದ್ದು ಮೊಬೈಲ್ ಮನಿ ನಂಬರು. ಮೊಮೊ ಅಂತಾರೆ, ನಮ್ಮಲ್ಲಿ ಫೋನ್‌ಪೇ ಇದ್ದ ಹಾಗೆ ಅಲ್ಲಿ ಎಲ್ಲದಕ್ಕೂ ಅದೇ. ನಮ್ಮ ಹತ್ತಿರ ಆ ಊರಿನ ಸಿಮ್ ಇರಲಿಲ್ಲ. ಟೆಮಾದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಅಂಕಲ್ ಅಂತಾರೆ. ಅವರಿಗೆ ಹೇಳಿದೆ, ನೀವು ಕಳಿಸಿ, ಬಂದ ಮೇಲೆ ಕೊಡ್ತೀವಿ ಅಂತ. ಅಂಕಲ್ ಎರಡು ಮಾತು ಹೇಳಿದರು. ಒಂದು, ಈ ನಂಬರಿಗೆ ಹಾಕಿದರೆ ಬರುವ ಹೆಸರು ನೀನು ಹೇಳಿದ ಹೆಸರಲ್ಲ. ಎರಡು, 'ಮನೆ ಈಸ್ಟ್ ಲೆಗಾನಲ್ಲಾ, ಈಸ್ಟ್ ಲೆಗಾನ್ ಹಿಲ್ಸಲ್ಲಾ?'

ನಾನು ಬ್ರೋಕರನ್ನು ಕೇಳಿದೆ. ಹೆಸರು ತನ್ನ ತಂಗಿಯದು ಅಂದ. ಹಿಲ್ಸ್ ಬಗ್ಗೆ, 'ಎಲ್ಲಾ ಒಂದೇ ಸರ್' ಅಂದ. ನನಗೂ ಹಾಗೇ ಅನಿಸಿತು. ಹಿಲ್ಸ್ ಅಂದ್ರೆ ಇನ್ನೂ ಒಳ್ಳೇದಲ್ವಾ, ಎತ್ತರದಲ್ಲಿ ಗಾಳಿ ಚೆನ್ನಾಗಿರುತ್ತೆ ಅಂದುಕೊಂಡೆ. ಅಂಕಲ್ ಮತ್ತೇನೂ ಹೇಳದೆ ದುಡ್ಡು ಕಳಿಸಿದರು.

ಎಲ್ಲಾ ಒಂದೇ ಅಲ್ಲ. ದೇವನಹಳ್ಳಿ ಏರ್‌ಪೋರ್ಟ್ ಪಕ್ಕ ಅಂತ ಹೇಳಿ ಗೌರಿಬಿದನೂರಿನ ದಾರಿಯಲ್ಲಿ ಸೈಟು ತೋರಿಸುತ್ತಾರಲ್ಲ, ಅದೇ ಕಥೆ. ಈಸ್ಟ್ ಲೆಗಾನ್ ಬೇರೆ. ಈಸ್ಟ್ ಲೆಗಾನ್ ಹಿಲ್ಸ್ ಬೇರೆ, ಅದು ಇನ್ನೂ ಆಚೆ, ಈಗೀಗ ಮನೆಗಳು ಏಳುತ್ತಿರುವ ಜಾಗ. ಮಧ್ಯೆ ಆಜಿರಿಂಗಾನೊ, ಟ್ರಸಾಕೊ ಎಲ್ಲ ಬರುತ್ತವೆ. ಈಸ್ಟ್ ಲೆಗಾನ್ ಅಂದರೆ ಬಾಡಿಗೆ ಏರುತ್ತದೆ, ಹಾಗಾಗಿ ಸುತ್ತಲಿನ ಎಲ್ಲದಕ್ಕೂ ಆ ಹೆಸರನ್ನು ಎಳೆದು ಹಚ್ಚುತ್ತಾರೆ.

ಏಪ್ರಿಲ್ ಕೊನೆಯಲ್ಲಿ ಇಳಿದೆವು, ಮಧ್ಯಾಹ್ನ. ಹಳದಿ ಜ್ವರದ ಲಸಿಕೆಯ ಕಾರ್ಡ್ ನೋಡಿದರು, ಒಳಗೆ ಬಿಟ್ಟರು. (ಆ ಕಾರ್ಡ್ ಇಲ್ಲದೆ ಹೋಗಲೇಬೇಡಿ. ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಅದು ನಡೆಯುತ್ತದೆ. ವಾಪಸ್ ಬರುವಾಗ ಇಲ್ಲದಿದ್ದರೆ ನಮ್ಮ ದೇಶದಲ್ಲೇ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.) ಬ್ರೋಕರ್‌ಗೆ ಫೋನ್ ಮಾಡಿದರೆ, ಕ್ಲೀನಿಂಗ್ ನಡೀತಿದೆ, ಸಂಜೆ ಬನ್ನಿ ಅಂದ. ಟೆಟೆ ಕ್ವಾರ್ಷಿ ಸರ್ಕಲ್ಲಿನ ಹತ್ತಿರದ ಅಕ್ರಾ ಮಾಲಿನಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ನಾಲ್ಕು ಗಂಟೆ ಕೂತೆವು. ಸಂಜೆ ಯಾಕೆ ಅಂದ ಅಂತ ಈಗ ಗೊತ್ತು. ಅದು ಸಮಭಾಜಕದ ಹತ್ತಿರದ ಊರು, ವರ್ಷಪೂರ್ತಿ ಆರು, ಆರೂವರೆಗೆ ಕತ್ತಲಾಗಿಬಿಡುತ್ತದೆ. ಕತ್ತಲಲ್ಲಿ ಯಾವ ಬಡಾವಣೆಯೂ ಒಂದೇ ಥರ ಕಾಣುತ್ತದೆ.

ಬೋಲ್ಟ್ ಕಾರು ಹತ್ತಿದೆವು, ನಮ್ಮ ಓಲಾ ಥರದ್ದು. ಡ್ರೈವರ್ ಮ್ಯಾಪ್ ನೋಡಿ, 'ಬಾಸ್, ಇದು ಸ್ಕೂಲ್ ಜಂಕ್ಷನ್ ಕಡೆ, ಈಸ್ಟ್ ಲೆಗಾನ್ ಅಲ್ಲ' ಅಂದ. ಗಾಡಿ ಹೋಗ್ತಾನೇ ಇತ್ತು. ಟಾರು ಮುಗಿದು ಕೆಂಪು ಮಣ್ಣಿನ ರಸ್ತೆ ಬಂತು. ಹಿಂದಿನ ದಿನ ಮಳೆ ಆಗಿತ್ತಂತೆ. ಒಂದು ಹೊಂಡದ ಮುಂದೆ ಡ್ರೈವರ್ ಇಳಿದು, ಮೊಬೈಲ್ ಟಾರ್ಚ್ ಹಾಕಿ, ಕೋಲಿನಲ್ಲಿ ನೀರು ಎಷ್ಟಿದೆ ಅಂತ ಅಳೆದು ನೋಡಿ ಬಂದ. ಹುಡುಗ ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ನೋಡಿದೆ.

ಮನೆ ಇತ್ತು. ನೀಲಿ ಸೋಫಾನೂ ಇತ್ತು. ಅದಕ್ಕೇ ಇದನ್ನು ಪೂರ್ತಿ ಮೋಸ ಅನ್ನಲೂ ಆಗಲ್ಲ. ಬ್ರೋಕರ್ ನಗುನಗುತ್ತಾ ಬೀಗ ಕೊಟ್ಟ. ವೈಫೈ ಪಾಸ್‌ವರ್ಡ್ ಕೇಳಿದ್ದಕ್ಕೆ 'ಐ ಆಮ್ ಕಮಿಂಗ್' ಅಂತ ಹೇಳಿ ಗೇಟ್ ದಾಟಿ ಹೋದ. ನಾವು ಕಾದೆವು. ಅರ್ಧ ಗಂಟೆ, ಒಂದು ಗಂಟೆ. ಆ ಊರಿನಲ್ಲಿ ಹೊರಟು ಹೋಗುವಾಗಲೂ ಐ ಆಮ್ ಕಮಿಂಗ್ ಅಂತಲೇ ಹೇಳುತ್ತಾರೆ ಅಂತ ನಮಗೇನು ಗೊತ್ತು. ಮಾರನೇ ದಿನ ಅಂಕಲ್ ಬಿಡಿಸಿ ಹೇಳಿದಾಗ ಹುಡುಗ ಅಂದ, 'ಅಣ್ಣ, ನಾವೂ ಹೋಗುವಾಗ ಬರ್ತೀನಿ ಅಂತೀವಲ್ಲ, ನಮಗೇ ಹೊಳೀಲಿಲ್ಲ ನೋಡು.'

ಒಂಬತ್ತೂ ಮುಕ್ಕಾಲಿಗೆ ಕರೆಂಟ್ ಹೋಯಿತು. ದುಮ್ಸೊರ್ ಇರಬೇಕು ಅಂದುಕೊಂಡೆ, ಅಂದರೆ ಆರುವುದು ಹತ್ತುವುದು, ಲೋಡ್ ಶೆಡ್ಡಿಂಗಿಗೆ ಅವರ ಮಾತು. ಹೊರಗೆ ಬಂದು ನೋಡಿದರೆ ಎದುರು ಮನೆಯಲ್ಲಿ ಟಿವಿ ಓಡುತ್ತಿದೆ. ಮೀಟರ್ ಹತ್ತಿರ ಹೋದೆವು. ಅಲ್ಲಿ ತುಂಬಾ ಕಡೆ ಪ್ರೀಪೇಯ್ಡ್ ಮೀಟರ್, ಮೊಬೈಲಿಗೆ ಕರೆನ್ಸಿ ಹಾಕಿಸಿದ ಹಾಗೆ ಮೊದಲೇ ದುಡ್ಡು ತುಂಬಿಸಬೇಕು. ನಮ್ಮದು ಕಾರ್ಡ್ ಮೀಟರ್. ಅಂಗಡಿಯಲ್ಲಿ ಕಾರ್ಡಿಗೆ ದುಡ್ಡು ಹಾಕಿಸಿ, ತಂದು ಮೀಟರಿನ ಸಂದಿಗೆ ತೂರಿಸಬೇಕು. ಕಾರ್ಡ್ ಮನೆಯಲ್ಲಿ ಇಲ್ಲ. ಬ್ರೋಕರ್ ಹತ್ತಿರ ಇದೆ. ಬ್ರೋಕರ್ ಫೋನ್ ಎತ್ತುತ್ತಿಲ್ಲ.

ಕರೆಂಟ್ ಇಲ್ಲ ಅಂದರೆ ಪಂಪ್ ಇಲ್ಲ. ಮೇಲಿನ ಪಾಲಿಟ್ಯಾಂಕ್, ನಮ್ಮ ಸಿಂಟೆಕ್ಸ್ ಥರದ್ದು, ಖಾಲಿ. ನಲ್ಲಿ ತಿರುಗಿಸಿದರೆ ಉಸ್ಸ್ ಅಂತ ಗಾಳಿ. ಪಕ್ಕದ ಕಟ್ಟಡದ ವಾಚ್‌ಮನ್ ನಮ್ಮ ಟಾರ್ಚ್ ನೋಡಿ ಗೋಡೆ ಹತ್ತಿರ ಬಂದ. ಒಂದು ಬಕೆಟ್ ನೀರು ಎತ್ತಿ ಕೊಟ್ಟ. ಮತ್ತೆ ಒಳಗೆ ಹೋಗಿ ಪ್ಯೂರ್ ವಾಟರ್ ಪ್ಯಾಕೆಟ್ ಆರು ತಂದ, ಅರ್ಧ ಲೀಟರಿನವು, ಮೂಲೆ ಕಚ್ಚಿ ಕುಡಿಯುವಂಥವು. ದುಡ್ಡು ಕೊಡಲು ಹೋದರೆ ಬೇಡ ಅಂದ. ನಾನು ಗಡಿಬಿಡಿಯಲ್ಲಿ ಎಡಗೈ ಚಾಚಿದ್ದೆ. ಅದನ್ನು ನೋಡಿ ಸ್ವಲ್ಪ ಹಿಂದೆ ಸರಿದ. ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ, ಎಡಗೈಯಲ್ಲಿ ಕೊಟ್ಟರೆ ಅವಮಾನ. ಬಲಗೈಗೆ ಬದಲಿಸಿದೆ, ನಕ್ಕ. ಆದರೂ ತಗೊಳ್ಳಲಿಲ್ಲ.

ಸೆಕೆ ಅಂದರೆ ಮಂಗಳೂರಿನ ಮೇ ತಿಂಗಳು. ಏಸಿ ಸತ್ತಿದೆ. ಕಿಟಕಿ ತೆಗೆದೆವು. ಒಂದು ಕಿಟಕಿಯ ಜಾಲರಿಯಲ್ಲಿ ಅಂಗೈ ಅಗಲದ ತೂತು, ಸೊಳ್ಳೆ ಪರದೆ ಇಲ್ಲ. ಹಿಂದೆ ತೆರೆದ ಚರಂಡಿ. ಮುಂದಿನ ಎರಡು ರಾತ್ರಿಯೂ ಇದೇ ಕಥೆ.

ಬೆಳಿಗ್ಗೆ ಎದ್ದು ನೋಡಿದರೆ ಸುತ್ತ ಅರ್ಧ ಕಟ್ಟಿದ ಮನೆಗಳು. ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ, ಕೆಲಸ ನಿಲ್ಲಿಸಿ, ಪರ್ಮಿಟ್ ತೋರಿಸಿ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ಒಂದು ಕಾಂಪೌಂಡಿನ ಮೇಲೆ 'ಈ ಮನೆ ಮಾರಾಟಕ್ಕಿಲ್ಲ' ಅಂತ ಇತ್ತು. ಯಾರೋ ಯಾರದೋ ಮನೆ ತೋರಿಸಿ ಮಾರಿಬಿಡುತ್ತಾರೆ ಅಂತ ಮಾಲೀಕರೇ ಹಾಗೆ ಬರೆಸುತ್ತಾರಂತೆ. ಇದನ್ನು ಹಗಲಲ್ಲಿ ನೋಡಿದ್ದರೆ ನನಗೆ ಬುದ್ಧಿ ಬರುತ್ತಿತ್ತು. ಬೆಟ್ಟ ಅನ್ನುವಂಥದ್ದು ಮಾತ್ರ ಎಲ್ಲೂ ಕಣ್ಣಿಗೆ ಬೀಳಲಿಲ್ಲ.

ಅಲ್ಲಿಂದ ಟೆಮಾಕ್ಕೆ ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ. ನಾಲ್ಕನೇ ದಿನ ಗಂಟುಮೂಟೆ ಕಟ್ಟಿ ಟೆಮಾದ ಗೆಸ್ಟ್ ಹೌಸಿಗೆ ಹೋದೆವು. ದುಡ್ಡು ಬರಲಿಲ್ಲ. ಪೊಲೀಸರ ಹತ್ತಿರ ಹೋಗೋಣ ಅಂದರೆ ಅಂಕಲ್ ಕೇಳಿದರು, ಏನು ತೋರಿಸ್ತೀಯ? ಕರಾರು ಪತ್ರ ಇಲ್ಲ, ರಸೀದಿ ಇಲ್ಲ, ದುಡ್ಡು ಹೋಗಿದ್ದು ಬೇರೆ ಹೆಸರಿಗೆ, ಮನೆ ಕೊಟ್ಟಿದ್ದಾನೆ, ಬಿಟ್ಟವನು ನೀನೇ. ಡಾಲರಿನಲ್ಲಿ ಬಾಡಿಗೆ ಹೇಳಿದ್ದೂ ತಪ್ಪಂತೆ. 2006ರ ವಿದೇಶಿ ವಿನಿಮಯ ಕಾಯ್ದೆ ಪ್ರಕಾರ ಘಾನಾದಲ್ಲಿ ಅನುಮತಿ ಇಲ್ಲದೆ ಡಾಲರಿನಲ್ಲಿ ಬೆಲೆ ಹೇಳುವ ಹಾಗಿಲ್ಲ. ಎಲ್ಲರೂ ಹೇಳುತ್ತಾರೆ, ಅದು ಬೇರೆ ಮಾತು.

ಹಾಗಾದರೆ ಏನು ಮಾಡಬೇಕಿತ್ತು? ಮೊದಲು ಡಿಜಿಟಲ್ ಅಡ್ರೆಸ್ ಕೇಳಬೇಕಿತ್ತು. ಘಾನಾಪೋಸ್ಟ್ ಜಿಪಿಎಸ್ ಅಂತ 2017ರಲ್ಲಿ ಸರ್ಕಾರ ತಂದ ವ್ಯವಸ್ಥೆ ಇದೆ. ಎರಡು ಅಕ್ಷರ, ಮುಂದೆ ಅಂಕಿಗಳು. ಅಕ್ಷರ ನೋಡಿದರೆ ಯಾವ ಪ್ರಾಂತ್ಯ, ಯಾವ ಜಿಲ್ಲೆ ಅಂತ ತಿಳಿಯುತ್ತದೆ, ಆ್ಯಪಿನಲ್ಲಿ ಹಾಕಿದರೆ ಜಾಗವೇ ಕಾಣುತ್ತದೆ. ಅದನ್ನು ಕೊಡಲು ಯಾರಾದರೂ ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ. ಮೊಮೊದಲ್ಲಿ ಬರುವ ಹೆಸರು, ಮನೆ ಕೊಡುವವನ ಹೆಸರು ಒಂದೇ ಇರಬೇಕು. ತಂಗಿ, ಭಾವ ಎಲ್ಲ ಬೇಡ. ಮನೆಗೆ ಹಗಲಲ್ಲೇ ಹೋಗಿ. ಬೀಗ ತಗೊಳ್ಳುವ ಮೊದಲು ಮೀಟರ್ ಕಾರ್ಡ್ ತಗೊಳ್ಳಿ, ಮೀಟರಿನಲ್ಲಿ ಎಷ್ಟು ಉಳಿದಿದೆ ನೋಡಿ, ನಲ್ಲಿ ತಿರುಗಿಸಿ ನೋಡಿ.

ಸಂಸಾರ ಸಮೇತ ಹೋಗುವವರಿಗೆ ಇನ್ನೊಂದು. ಅಲ್ಲಿ ಮಾಲೀಕರು ಒಂದು ವರ್ಷ, ಎರಡು ವರ್ಷದ ಬಾಡಿಗೆ ಒಟ್ಟಿಗೆ ಕೇಳುತ್ತಾರೆ. 1963ರ ಬಾಡಿಗೆ ಕಾಯ್ದೆ 6 ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳಬಾರದು ಅನ್ನುತ್ತದೆ, ಆದರೂ ಕೇಳುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಥರ ಇದು ಅಂದುಕೊಳ್ಳಬೇಡಿ. ನಮ್ಮದು ಪೇಂಟಿಂಗ್ ಅಂತ ಒಂದಿಷ್ಟು ಕತ್ತರಿಸಿಯಾದರೂ ವಾಪಸ್ ಬರುತ್ತದೆ. ಅದು ಬಾಡಿಗೆಯೇ, ಬರಲ್ಲ. ಮಧ್ಯದಲ್ಲಿ ಕೆಲಸ ಮುಗಿದರೆ ಆ ದುಡ್ಡಿಗೆ ಎಳ್ಳುನೀರು.

ನಿಜವಾದ ಈಸ್ಟ್ ಲೆಗಾನನ್ನು ಎರಡನೇ ಭಾನುವಾರ ಅಂಕಲ್ ತೋರಿಸಿದರು. ಲಾಗೋಸ್ ಅವೆನ್ಯೂ, ಅಮೆರಿಕನ್ ಹೌಸ್ ಅನ್ನುವ ಜಂಕ್ಷನ್, ಎ ಆ್ಯಂಡ್ ಸಿ ಮಾಲ್, ಎತ್ತರದ ಗೇಟುಗಳು. ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆಚೆ ವಿಶ್ವವಿದ್ಯಾಲಯ, ಕೆಂಪು ಹೆಂಚಿನ ಬಿಳಿ ಕಟ್ಟಡಗಳು. ಹುಡುಗ ಅಲ್ಲಿ ಗಾಂಧಿ ಪ್ರತಿಮೆ ಇದೆಯಂತಲ್ಲ ಅಂದ. 2016ರಲ್ಲಿ ಇಟ್ಟಿದ್ದರು, ಗಾಂಧಿ ಆಫ್ರಿಕಾದವರ ಬಗ್ಗೆ ಬರೆದಿದ್ದ ಮಾತುಗಳನ್ನು ಮುಂದಿಟ್ಟು ಅಲ್ಲಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಬೇಡ ಅಂದರು, 2018ರಲ್ಲಿ ತೆಗೆದರು. ಅಂಕಲ್ ಇದನ್ನು ಮೆಲ್ಲಗೆ, ನಮಗೆ ಬೇಜಾರಾಗದ ಹಾಗೆ ಹೇಳಿದರು. ರಸ್ತೆ ದಾಟುವಾಗ ಹುಡುಗನ ಕಾಲರ್ ಹಿಡಿದು ಹಿಂದಕ್ಕೆ ಎಳೆದವರೂ ಅವರೇ. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ನಾವು ನೋಡುವುದು ಉಲ್ಟಾ ಕಡೆ.

ಜ್ವರದ ವಿಷಯ. ಮಲೇರಿಯಾ ಬರದಿರಲಿ ಅಂತ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದರು, ದಿನಕ್ಕೊಂದು. ಆ ಕತ್ತಲೆ ರಾತ್ರಿಗಳಲ್ಲಿ ಎರಡು ಮೂರು ಸಲ ಮರೆತೆ. ಊರಿಗೆ ಬಂದ ಮೇಲೂ 4 ವಾರ ನುಂಗಬೇಕು ಅಂದಿದ್ದರು. ಬಂದಾಯ್ತಲ್ಲ, ಇನ್ನೇನು ಅಂತ ನಿಲ್ಲಿಸಿದೆ. ಹದಿನಾರನೇ ದಿನ ಚಳಿ ಹಿಡಿಯಿತು, ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಡೆಂಗಿ ಪರೀಕ್ಷೆಗೆ ಬರೆಯುತ್ತಿದ್ದರು. ಹೆಂಡತಿ ಪಕ್ಕದಿಂದ, 'ಇವರು ಆಫ್ರಿಕಾಗೆ ಹೋಗಿ ಬಂದಿದ್ದಾರೆ ಡಾಕ್ಟ್ರೇ' ಅಂದಳು. ಪೆನ್ನು ಅಲ್ಲೇ ನಿಂತಿತು. ಫಾಲ್ಸಿಪ್ಯಾರಮ್, ಮಲೇರಿಯಾದಲ್ಲೇ ಕೆಟ್ಟದ್ದು. ಐದು ದಿನ ಆಸ್ಪತ್ರೆ. ನೀವು ಹೋಗಿ ಬಂದ ಮೇಲೆ ಜ್ವರ ಬಂದರೆ, ಡಾಕ್ಟರು ಕೇಳುವವರೆಗೆ ಕಾಯಬೇಡಿ, ಕುರ್ಚಿಯಲ್ಲಿ ಕೂರುವ ಮೊದಲೇ ಎಲ್ಲಿಂದ ಬಂದಿದ್ದೀರಿ ಅಂತ ಹೇಳಿ.

ಡಿಸ್ಚಾರ್ಜ್ ದಿನ ಡಾಕ್ಟರು ಮಾತ್ರೆ ಎಷ್ಟು ಉಳಿದಿವೆ ಅಂದರು. ಹೆಂಡತಿ ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲೆ ಇಟ್ಟು ಎಣಿಸಿದಳು. ಹತ್ತೊಂಬತ್ತು.