ಮರಳುಗಾಡಿನಲ್ಲಿ ಒಂದು ರಾತ್ರಿ: ಅಮಾವಾಸ್ಯೆಯೋ, ಹುಣ್ಣಿಮೆಯೋ?

ಒಂದೇ ರಾತ್ರಿ ಟೆಂಟ್ ಹಾಕುವುದಾದರೆ ನಾನಂತೂ ಅಮಾವಾಸ್ಯೆಯ ಆಸುಪಾಸನ್ನೇ ಆರಿಸಿಕೊಳ್ಳುತ್ತೇನೆ. ಟಾರ್ಚ್ ಆರಿಸಿ ಸುಮ್ಮನೆ ಕೂತರೆ ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಬೇಕು. ಆಮೇಲೆ ಕ್ಷೀರಪಥ ಬರೀ ಬಿಳಿ ಪಟ್ಟೆಯಾಗಿ ಉಳಿಯುವುದಿಲ್ಲ; ನಡುನಡುವೆ ಕಪ್ಪು ಸೀಳುಗಳು ಕಾಣತೊಡಗುತ್ತವೆ. ಅವು ದೂಳಿನ ಮೋಡಗಳು. ಋತು ಕೂಡಿಬಂದರೆ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೀಡಾ ಗೆಲಾಕ್ಸಿಯೂ ಬರಿಗಣ್ಣಿಗೆ ಮಸುಕು ಮಚ್ಚೆಯಾಗಿ ಸಿಕ್ಕೀತು. ಪಕ್ಕದವರು ಮೊಬೈಲ್ ತೆರೆದರೋ, ಮತ್ತೆ ಮೊದಲಿನಿಂದ ಕಾಯಬೇಕು!

ಹುಣ್ಣಿಮೆಯಲ್ಲಿ ಇದೆಲ್ಲ ಬೆಳಕಿನಲ್ಲಿ ಕರಗಿಹೋಗುತ್ತದೆ. ಬದಲಿಗೆ ನೆಲ ಎದ್ದು ಕಾಣುತ್ತದೆ: ಮರಳುದಿಬ್ಬದ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಕಡುಗಪ್ಪು, ಟೆಂಟಿನ ಪಕ್ಕದಲ್ಲೇ ಹಾದುಹೋದ ಹುಳುವಿನ ಹೆಜ್ಜೆಸಾಲಿಗೂ ಪುಟ್ಟ ನೆರಳು. ಟಾರ್ಚಿಲ್ಲದೆ ಅಡ್ಡಾಡಬಹುದು. ಮಕ್ಕಳಿದ್ದರೆ, ಕತ್ತಲೆಂದರೆ ಅಳುಕುವವರಿದ್ದರೆ ಇದೇ ಸರಿ.

ಎರಡೂ ಬೇಕೆನ್ನುವವರು ಹುಣ್ಣಿಮೆ ಕಳೆದ ನಾಲ್ಕೈದು ದಿನಕ್ಕೆ ಹೋಗಿ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದರಿಂದ ಮೊದಲು ನಕ್ಷತ್ರ, ಆಮೇಲೆ ಬೆಳದಿಂಗಳು.

ಚಳಿ ಮಾತ್ರ ಯಾವತ್ತಾದರೂ ಚಳಿಯೇ. ಒಣಗಾಳಿ, ಮೋಡವಿಲ್ಲದ ಆಕಾಶ, ಹಗಲಿನ ಕಾವು ಬೇಗ ಹಾರಿಹೋಗುತ್ತದೆ. ಬೆಳಿಗ್ಗೆ ಶೂ ಕೊಡವಿಯೇ ಹಾಕಿಕೊಳ್ಳಿ. ಚೇಳು ತಿಥಿ ನೋಡುವುದಿಲ್ಲ.